ಊನೊನ ಕಡೆಯ ದೀಪ

ನನ್ನ ಹೆಸರು ರೇನೊ ಹಾಕಲಾ. ಉತ್ತರದ ಹಿಮದ ಸೀಮೆಯ ಸಣ್ಣ ಊರು ಲೆಪ್ಪಾ ಕಾರ್ನರ್‌ನಲ್ಲಿ, ಪೋಸ್ಟಾಫೀಸಿನ ಎದುರಿಗೆ, ನಲವತ್ತೊಂದು ವರ್ಷ ಗ್ಯಾರೇಜ್ ನಡೆಸಿದವನು. ನನ್ನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ, ಹೇಳಲಿ ಬಿಡಿ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಅದರ ಮೇಲೆ ಕಪ್ಪು ಟೇಪು ಅಂಟಿಸಿ ಮೂರು ವಾರ ಓಡಾಡಿ, ಆಮೇಲೆ ನನ್ನ ಬಾಗಿಲಿಗೆ ಬಂದು "ಏನೋ ಟಕಟಕ ಅಂತಿದೆ, ಸ್ವಲ್ಪ ನೋಡ್ತೀಯಾ?" ಅನ್ನುವವರ ಜೊತೆ ಜೀವಮಾನವಿಡೀ ಏಗಿದವನು ನಾನು. ಬಾಯಿ ಜೋರಾಗದೆ ಇನ್ನೇನಾಗುತ್ತದೆ? ಈಗಿನ ಕಾರುಗಳಲ್ಲಂತೂ ಗಾಜು ತೊಳೆಯುವ ನೀರು ಮುಗಿದರೂ ಒಂದು ಹಳದಿ ದೀಪ. ಅದಕ್ಕೆ ಎದ್ದುಬಿದ್ದು ಓಡಿ ಬರುತ್ತಾರೆ. ಎಂಜಿನ್ ಆಯಿಲಿನ ಕೆಂಪು ದೀಪ ಬಂದರೆ ಮಾತ್ರ ಶನಿವಾರ ನೋಡಿದರಾಯಿತು ಅನ್ನುತ್ತಾರೆ!

ಆ ಕೆಂಪು ದೀಪಗಳಿಗೆ ನಮ್ಮ ಕಸುಬಿನವರು ಇಟ್ಟ ಹೆಸರು ಪೆದ್ದರ ದೀಪ. ಮುಳ್ಳಿನ ಮಾಪಕ ನೋಡಿ ತಿಳಿಯಲು ಬಾರದವರಿಗೆ ಇಷ್ಟು ಸಾಕು ಅಂತ. ನಾನೂ ಹಾಗೆಯೇ ಕರೆಯುತ್ತಿದ್ದೆ. ೧೯೭೫ರ ಅಕ್ಟೋಬರಿನ ನಂತರ ಆ ಮಾತು ನನ್ನ ಬಾಯಿಂದ ಬಂದಿಲ್ಲ. ಅದಕ್ಕೆ ಕಾರಣ ಲೆಂಪಿ ರೌತಿಯೊ. ಅವಳ ಬಗ್ಗೆ ಯಾರಾದರೂ ಬರೆಯುತ್ತಾರೆ ಅಂತ ಇಷ್ಟು ವರ್ಷ ಕಾದೆ. ಯಾರೂ ಬರೆಯಲಿಲ್ಲ. ಹಾಳಾಗಿ ಹೋಗಲಿ, ನಾನೇ ಬರೆಯುತ್ತೇನೆ.

ಲೆಂಪಿ ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವಳು. ಅವರ ಮನೆಯಲ್ಲಿ ಹನ್ನೊಂದು ಹಸುಗಳಿದ್ದವು. ಹತ್ತನೇ ವಯಸ್ಸಿಗೇ ಹಾಲಿನ ಕ್ಯಾನನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು. ಕುಳ್ಳಿ, ಗಟ್ಟಿಮುಟ್ಟು, ನಕ್ಕರೆ ಇಡೀ ಮೈ ನಗುತ್ತಿತ್ತು. ನಾನು ಅವಳನ್ನು ಮದುವೆಯಾಗಬೇಕು ಅಂದುಕೊಂಡಿದ್ದೆನೋ ಇಲ್ಲವೋ ಎಂಬುದು ಈಗ ಯಾರಿಗೂ ಬೇಕಿಲ್ಲದ ವಿಷಯ. ಅವಳು ಮದುವೆಯಾದದ್ದು ಊನೊನನ್ನು. ಊನೊ ಕಾಡಿನಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ. ಸೊಂಟಕ್ಕೆ ಪೆಟ್ಟು ಬಿದ್ದು ಅದನ್ನು ಬಿಟ್ಟ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಬೇಜಾರು ಮಾಡಿಕೊಳ್ಳೋಣ ಅಂದರೂ ಆಗದಷ್ಟು ಒಳ್ಳೆಯ ಮನುಷ್ಯ.

೧೯೫೮ರಲ್ಲಿ ಅವರಿಬ್ಬರೂ ಟಪಾಲು ರೂಟಿನ ಗುತ್ತಿಗೆ ಹಿಡಿದರು. ಅರವತ್ತೆರಡು ಮೈಲಿ, ಮನೆಮನೆಯ ಮುಂದೆ ರಸ್ತೆಬದಿಗೆ ನೆಟ್ಟ ಮುನ್ನೂರ ಹದಿನೆಂಟು ಟಪಾಲು ಡಬ್ಬಿಗಳು. ಕಾರು ಅವರದೇ, ದುಡಿಮೆಯೂ ಅವರದೇ. ಹಸಿರು ಬಣ್ಣದ ಉದ್ದನೆಯ ಸ್ಟೇಷನ್ ವ್ಯಾಗನ್. ಮುಂದುಗಡೆ ಒಂದೇ ಬೆಂಚಿನಂಥ ಸೀಟು. ನಮ್ಮ ದೇಶದ ಕಾರುಗಳಲ್ಲಿ ಸ್ಟೀರಿಂಗ್ ಎಡಕ್ಕೆ, ಹಾಗಾಗಿ ಎಡಗಡೆ ಊನೊ, ಸ್ಟೀರಿಂಗ್ ಹಿಡಿದು. ಬಲಗಡೆ ಲೆಂಪಿ, ಕಿಟಕಿ ಇಳಿಸಿಕೊಂಡು. ಇಬ್ಬರ ನಡುವೆ ಟಪಾಲಿನ ತಟ್ಟೆಗಳು. ನಮ್ಮ ರಸ್ತೆಗಳಲ್ಲಿ ಡಬ್ಬಿಗಳೆಲ್ಲ ಬಲಗಡೆ ಕಂಬದ ಮೇಲೆ ಇರುತ್ತವಲ್ಲ, ಊನೊ ಕಾರನ್ನು ಡಬ್ಬಿಗೆ ಒಂದು ಗೇಣು ದೂರಕ್ಕೆ ತಂದು ನಿಲ್ಲಿಸುತ್ತಿದ್ದ. ಅವಳು ಮುಚ್ಚಳ ತೆಗೆದು, ಕಾಗದ ತುರುಕಿ, ಮುಚ್ಚುವಷ್ಟರಲ್ಲಿ ಕಾರು ಮುಂದಕ್ಕೆ ಹೊರಟಿರುತ್ತಿತ್ತು. ಕೈಯನ್ನು ಒಳಗೆ ತೆಗೆದುಕೊಳ್ಳಲು ಅವಳಿಗೆ ಎಷ್ಟು ಹೊತ್ತು ಬೇಕು ಅಂತ ಅವನಿಗೆ ಗೊತ್ತಿತ್ತು.

ಆ ದಿನಗಳಲ್ಲಿ ಜನ ಡಬ್ಬಿಯೊಳಗೆ ಬರೀ ಕಾಗದ ಇಡುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಬಿಸಿ ಏಲಕ್ಕಿ ಬ್ರೆಡ್ ಇಡುತ್ತಿದ್ದರು. ಮೊಟ್ಟೆ, ಕಾಡುಹಣ್ಣಿನ ಜ್ಯಾಮು, ಹೆಣೆದ ಕೈಗವಸು. "ನಮ್ಮ ಹಸು ಕರು ಹಾಕಿತು, ಮುಂದಿನ ಮನೆ ಹಿಲ್ಮಾಗೆ ಹೇಳಿಬಿಡಿ" ಅಂತ ಚೀಟಿ. ಸಂಜೆ ಆ ಕಾರಿನ ಬಾಗಿಲು ತೆರೆದರೆ ಏಲಕ್ಕಿ ವಾಸನೆ ಗ್ಯಾರೇಜಿನವರೆಗೆ ಬರುತ್ತಿತ್ತು. ಈಗ ಆ ರೂಟಿನಲ್ಲಿ ಅರ್ಧದಷ್ಟು ಡಬ್ಬಿಗಳೂ ಉಳಿದಿಲ್ಲ.

ಬೆಳಿಗ್ಗೆ ಏಳೂವರೆಗೆ ಟಪಾಲು ತುಂಬಿಸಿಕೊಂಡು ಕಾರು ನನ್ನ ಗ್ಯಾರೇಜಿನ ಎದುರಿಗೇ ನಿಂತಿರುತ್ತಿತ್ತು. ಲೆಂಪಿ ಬಗ್ಗಿಕೊಂಡು ತಟ್ಟೆಗಳನ್ನು ಜೋಡಿಸುತ್ತಿರುವಾಗ ಊನೊ ಕೀಲಿ ತಿರುಗಿಸುತ್ತಿದ್ದ. ಒಂದು ಕ್ಷಣ ಸುಮ್ಮನಿದ್ದು ಎಂಜಿನ್ ಚಾಲೂ ಮಾಡುತ್ತಿದ್ದ. ಆಮೇಲೆ ಪ್ರತಿದಿನವೂ ಅದೇ ಮಾತು.

"ಎಲ್ಲಾ ಆರಿದ್ವು. ಹೊರಡೋಣ."

ಹದಿನೇಳು ವರ್ಷ ಆ ಮಾತನ್ನು ಕೇಳಿದ್ದೇನೆ. ದಿನದ ಹತ್ತು ಮಾತಿನಲ್ಲಿ ಮೂರು ಅಲ್ಲೇ ಖರ್ಚಾಗುತ್ತಿದ್ದವು.

೧೯೭೫ರ ಏಪ್ರಿಲ್‌ನಲ್ಲಿ, ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿದ್ದ ಒಂದು ಶನಿವಾರ, ಊನೊ ಸೌನಾ ಎಂಬ ಹಬೆಸ್ನಾನದ ಕೋಣೆಯ ಒಲೆಗೆ ಸೌದೆ ತರಲು ಹೋದವನು ಸೌದೆ ರಾಶಿಯ ಮೇಲೆಯೇ ಕೂತುಬಿಟ್ಟ. ಮತ್ತೆ ಏಳಲಿಲ್ಲ. ಹೃದಯ ನಿಂತುಹೋಗಿತ್ತು. ಐವತ್ತೆರಡು ವರ್ಷ.

ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಪೋಸ್ಟ್‌ಮಾಸ್ಟರ್ ಪ್ಯಾಸ್ಕೊ ಲೆಂಪಿಯ ಹತ್ತಿರ ಬಂದರು. ಕಾಯಿದೆ ಪುಸ್ತಕವನ್ನು ಬಾಯಿಪಾಠ ಮಾಡಿದ ಮನುಷ್ಯ, ಆದರೆ ಕೆಟ್ಟವರಲ್ಲ.

"ಲೆಂಪಿಯವರೇ, ರೂಟು ಬೇರೆ ಯಾರಿಗಾದ್ರೂ ಕೊಡೋ ವ್ಯವಸ್ಥೆ ಮಾಡ್ತೀನಿ. ಒಬ್ಬರೇ ಹೇಗೆ ಮಾಡ್ತೀರಿ? ನೀವೇನೂ ಯೋಚನೆ ಮಾಡ್ಬೇಡಿ."

ಲೆಂಪಿ ಕಾಫಿ ಬಟ್ಟಲನ್ನು ಕೆಳಗಿಟ್ಟಳು. "ಸೋಮವಾರ ಟಪಾಲು ಎಷ್ಟು ಹೊತ್ತಿಗೆ ಬರತ್ತೆ?" ಅಂದಳು.

ಒಬ್ಬಳೇ ಮಾಡುವುದು ಹೇಗೆ ಅಂದರೆ, ಬಲಗಡೆಯ ಸೀಟಿನಲ್ಲೇ ಕೂತು, ಎಡಗಾಲನ್ನು ಅಡ್ಡ ಚಾಚಿ ಬ್ರೇಕು ಆಕ್ಸಿಲರೇಟರು ತುಳಿಯುವುದು, ಎಡಗೈಯಲ್ಲಿ ಸ್ಟೀರಿಂಗ್ ಹಿಡಿಯುವುದು, ಬಲಗೈಯಲ್ಲಿ ಟಪಾಲು ಹಾಕುವುದು. ನಮ್ಮ ಕಡೆ ಹಳ್ಳಿ ರೂಟಿನವರು ಒಬ್ಬೊಬ್ಬರೇ ಹೋಗುವಾಗ ಹೀಗೆಯೇ ಓಡಿಸುವುದು. ಲೆಂಪಿ ತನ್ನ ಮನೆಯ ಹುಲ್ಲುಗಾವಲಿನಲ್ಲಿ ಎರಡು ದಿನ ಅಭ್ಯಾಸ ಮಾಡಿದಳು. ನಾನು ಬೇಲಿಯ ಮೇಲೆ ಕೂತು ನೋಡಿದೆ. ಕಾರು ಕುಡಿದ ಹೋರಿಯ ಹಾಗೆ ಓಡುತ್ತಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳು ಅತ್ತಳು. ನಾನು ಬೇಲಿಯ ಮೊಳೆ ನೋಡುತ್ತಾ ಕೂತೆ.

ಎಡಗಡೆಯ ಸೀಟಿನಲ್ಲಿ ಅವಳು ಕೂರಲೇ ಇಲ್ಲ. ಚರ್ಚಿಗೆ ಹೋಗುವಾಗಲೂ, ಅಂಗಡಿಗೆ ಹೋಗುವಾಗಲೂ ಬಲಗಡೆಯಿಂದಲೇ ಓಡಿಸುತ್ತಿದ್ದಳು. ದುಃಖ ಇನ್ನೂ ಇಳಿದಿಲ್ಲ ಅಂತ ಹೆಂಗಸರು ಮಾತಾಡಿಕೊಂಡರು. ನಾನು ಕೇಳಿದ್ದಕ್ಕೆ ಅವಳು "ಡಬ್ಬಿಗಳು ಬಲಗಡೆ ಇವೆ ಕಣೋ, ಅಭ್ಯಾಸ ತಪ್ಪಿಸ್ಬಾರ್ದು" ಅಂದಳು. ಎರಡೂ ನಿಜವೇ ಇರಬೇಕು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಸೌತ್ ಲೂಪ್ ರಸ್ತೆಯಲ್ಲಿ ಲೆಂಪಿಯ ಕಾರು ನಿಂತಿದೆಯಂತೆ. ಎಳೆಯುವ ಲಾರಿ ತೆಗೆದುಕೊಂಡು ಹೋದೆ. ಎಂಜಿನ್ ಕಚ್ಚಿಕೊಂಡು ಹೋಗಿತ್ತು. ಅಳತೆ ಕಡ್ಡಿ ಎಳೆದು ನೋಡಿದರೆ ಒಂದು ಹನಿ ಆಯಿಲ್ ಇಲ್ಲ. ದಿನವೂ ಮುನ್ನೂರು ಸಲ ನಿಂತು ಹೊರಡುವ ಗಾಡಿ, ಹಳೆಯದು ಬೇರೆ, ಆಯಿಲನ್ನು ನಿಧಾನವಾಗಿ ಕುಡಿದುಬಿಟ್ಟಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಲೆಂಪಿ, ದೀಪ ಉರೀಲಿಲ್ವಾ?"

"ಯಾವ ದೀಪ?"

"ಯಾವ ದೀಪಾನಾ! ಕೆಂಪು ದೀಪ ಕಣೇ! ಪಕ್ಕದಲ್ಲೇ ಆಯಿಲ್ ಅಂತ ಬರ್ದಿರತ್ತಲ್ಲ. ಓದೋಕೆ ಬರಲ್ವಾ ನಿಂಗೆ? ಮೂರನೇ ಕ್ಲಾಸಲ್ಲಿ ನನ್ನ ಕಾಗುಣಿತ ತಿದ್ದುತ್ತಿದ್ದೋಳು ನೀನೇ ಅಲ್ವಾ? ಆ ದೀಪ ಉರಿದ್ಮೇಲೆ ಎಷ್ಟು ಮೈಲಿ ಓಡ್ಸಿದೀಯ?"

ಅವಳು ನನ್ನ ಮುಖ ನೋಡಲಿಲ್ಲ. ಕೈಯಲ್ಲಿ ಇನ್ನೂ ಒಂದು ಕಟ್ಟು ಕಾಗದ ಹಿಡಿದುಕೊಂಡಿದ್ದಳು.

"ಉರಿದಿರ್ಬಹುದು," ಅಂದಳು. "ಅದು ಊನೊನ ಕಡೆ ಇರೋದು. ನಾನು ಆ ಕಡೆ ಯಾವತ್ತೂ ನೋಡಿಲ್ಲ ರೇನೊ."

ನಾನು ಬಲಗಡೆಯ ಬಾಗಿಲು ತೆಗೆದು ಅವಳು ಕೂರುವ ಜಾಗದಲ್ಲಿ ಕೂತೆ. ಎಡಗೈ ಚಾಚಿ ಸ್ಟೀರಿಂಗ್ ಹಿಡಿದೆ. ಎಡಮೂಲೆಯ ಆ ಸಣ್ಣ ದೀಪ ಎಲ್ಲಿದೆ? ಸ್ಟೀರಿಂಗಿನ ಬಳೆ ಅರ್ಧ ಮುಚ್ಚಿತ್ತು, ಉಳಿದರ್ಧವನ್ನು ನನ್ನದೇ ತೋಳು ಮುಚ್ಚಿತ್ತು. ಕತ್ತು ಕೊಂಕಿಸಿದರೂ ಕಾಣಲಿಲ್ಲ. ಆರು ತಿಂಗಳಿಂದ ಇವಳು ಹೀಗೆ ಓಡಿಸುವುದನ್ನು ದಿನವೂ ನೋಡುತ್ತಿದ್ದೇನೆ, ಮೆಕ್ಯಾನಿಕ್ ಅಂತ ಬೋರ್ಡು ಹಾಕಿಕೊಂಡಿದ್ದೇನೆ, ಒಂದು ದಿನವಾದರೂ ಈ ಸೀಟಿನಲ್ಲಿ ಕೂತು ನೋಡಿದೆನೇ? ಥೂ ನನ್ನ!

ಆ ದಿನ ತೊಂಬತ್ತು ಡಬ್ಬಿಗಳಿಗೆ ಟಪಾಲು ಹೋಗಲಿಲ್ಲ. ಪ್ಯಾಸ್ಕೊ ಅವಳನ್ನು ಕರೆದು, ತಗ್ಗಿದ ದನಿಯಲ್ಲೇ ಹೇಳಿದರು. "ಗುತ್ತಿಗೆ ಮಾರ್ಚ್‌ಗೆ ಮುಗಿಯತ್ತೆ, ಲೆಂಪಿಯವರೇ. ಇದು ಒಂದು ಸಲ ಆಯ್ತು. ಕಾರಿನ ಕಾರಣಕ್ಕೆ ಇನ್ನೊಂದು ದಿನ ಟಪಾಲು ನಿಂತ್ರೆ, ನಾನು ಮೇಲಕ್ಕೆ ಬರೀಲೇಬೇಕು. ಬರೆದ್ರೆ ರೂಟು ನಿಮ್ಮ ಕೈಗೆ ಮತ್ತೆ ಬರಲ್ಲ."

ಅವಳು ಹೊರಗೆ ಬಂದು ನನಗೆ ಹೇಳಿದ್ದು ಇಷ್ಟು. "ರೂಟು ಹೋದ್ರೆ ನನಗೆ ಊಟಕ್ಕೇನೂ ತೊಂದ್ರೆ ಇಲ್ಲ ಕಣೋ, ಅಣ್ಣನ ಮನೆ ಇದೆ. ಆದ್ರೆ ಬೆಳಿಗ್ಗೆ ಎದ್ದು ಆ ಕಾರಲ್ಲಿ ಕೂತ್ರೆ ಮಾತ್ರ ಊನೊ ಪಕ್ಕದಲ್ಲಿದಾನೆ ಅನ್ಸತ್ತೆ. ಅದೊಂದು ನನ್ನಿಂದ ಕಿತ್ಕೋಬೇಡಿ ಅಂತ ಆ ಮನುಷ್ಯನಿಗೆ ಹೇಗೆ ಹೇಳ್ಲಿ?"

ನಾನು ಅಪಘಾತವಾದ ಒಂದು ಕಾರಿನ ಎಂಜಿನ್ ತಂದು ಅವಳ ವ್ಯಾಗನ್ನಿಗೆ ಕೂರಿಸಿದೆ. ಭಾನುವಾರ ಚರ್ಚು ಮುಗಿದ ಮೇಲೆ ಅವಳನ್ನು ಗ್ಯಾರೇಜಿಗೆ ಕರೆದೆ. ಅವಳು ಬಲಗಡೆ ಕೂತಳು. ಎಡಗಡೆ ಕೂರಲು ನನಗೂ ಮನಸ್ಸಾಗಲಿಲ್ಲ. ಬಾಗಿಲು ತೆಗೆದು, ನೆಲದ ಮೇಲೆ ಮಂಡಿಯೂರಿ, ಅಲ್ಲಿಂದಲೇ ಕೈ ಚಾಚಿದೆ.

"ಈಗ ಬಗ್ಗಿ ಈ ಕಡೆ ನೋಡು. ಕೀಲಿ ಅರ್ಧ ತಿರುಗಿಸ್ತೀನಿ, ಎಂಜಿನ್ ಚಾಲೂ ಮಾಡಲ್ಲ. ಎಷ್ಟು ದೀಪ ಉರೀತು?"

"ನಾಲ್ಕು. ಅಯ್ಯೋ, ಎಲ್ಲಾ ಕೆಟ್ಟೋಗಿದ್ಯಾ?"

"ಕೆಟ್ಟಿಲ್ಲ ಕಣೇ. ದೀಪಗಳು ಬದುಕಿದಾವೋ ಇಲ್ವೋ ಅಂತ ಗಾಡಿ ತೋರಿಸ್ತಾ ಇದೆ. ಈಗ ಉರೀದೇ ಇದ್ರೆ ಬಲ್ಬ್ ಸತ್ತಿದೆ ಅಂತ, ಆಮೇಲೆ ನಿಜವಾಗ್ಲೂ ತೊಂದ್ರೆ ಆದಾಗ ನಿಂಗೆ ಯಾರೂ ಹೇಳಲ್ಲ. ಈಗ ಚಾಲೂ ಮಾಡ್ತೀನಿ, ನೋಡು."

ಎಂಜಿನ್ ಗುರುಗುಟ್ಟಿತು. ದೀಪಗಳು ಒಂದೊಂದಾಗಿ ಆರಿದವು. ಕೊನೆಯದಾಗಿ ಆಯಿಲಿನದು.

ಲೆಂಪಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇದನ್ನ... ಅವನು ಹೇಳ್ತಿದ್ದದ್ದು ಇದನ್ನ!"

"ಏನನ್ನ?"

"ಎಲ್ಲಾ ಆರಿದ್ವು, ಹೊರಡೋಣ. ದಿನಾ ಹೇಳ್ತಿದ್ನಲ್ಲೋ! ನಾನು ತಟ್ಟೆ ಜೋಡಿಸ್ತಾ ತಲೆ ಎತ್ತಿ ನೋಡ್ಲೇ ಇಲ್ಲ. ಮನಸ್ಸಲ್ಲೇ ಏನೋ ಗೊಣಗ್ತಾನೆ ಅಂದ್ಕೊಂಡಿದ್ದೆ. ಒಂದು ಸಲಾನೂ ಕೇಳ್ಲಿಲ್ಲ ರೇನೊ, ಏನು ಆರಿದ್ದು ಅಂತ. ಹದಿನೇಳು ವರ್ಷ!"

ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು. ಆಮೇಲೆ ಸೀಟಿನಲ್ಲಿ ನೆಟ್ಟಗೆ ಕೂತು "ಸರಿ, ಹೇಳ್ಕೊಡು. ಎಲ್ಲಾ ಹೇಳ್ಕೊಡು" ಅಂದಳು.

ಹೇಳಿಕೊಟ್ಟೆ. ಬಿಸಿಯ ದೀಪ ಬಂದರೆ ಎಂಜಿನ್ನಿನ ನೀರು ಕಡಿಮೆಯಾಗಿದೆ ಅಂತ ಲೆಕ್ಕ. ಪಕ್ಕಕ್ಕೆ ನಿಲ್ಲಿಸುವವರೆಗೆ ಕಾರಿನೊಳಗಿನ ಹೀಟರನ್ನು ಪೂರ್ತಿ ಹಾಕು, ಬೇಸಿಗೆಯಾದರೂ ಸರಿ, ಬೆವರು ಸುರಿದರೂ ಸರಿ. ನಿಂತ ಮೇಲೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡ, ಮುಖ ಬೆಂದುಹೋಗುತ್ತದೆ, ತಣ್ಣಗಾಗಲಿ. ಬ್ರೇಕಿನ ದೀಪ ಬಂದರೆ ಮೊದಲು ಪಾರ್ಕಿಂಗ್ ಬ್ರೇಕು ಬಿಟ್ಟಿದ್ದೀಯಾ ನೋಡು, ನೂರರಲ್ಲಿ ಎಂಬತ್ತು ಸಲ ಅದೇ. ಬಿಟ್ಟಿದ್ದೂ ಉರಿದರೆ ಬ್ರೇಕಿನ ದ್ರವ ಸೋರಿದೆ, ಅಲ್ಲಿಂದ ಕದಲಬೇಡ.

"ಆಯಿಲಿನದು?"

"ಅದು ಉರಿದ್ರೆ ನಿಲ್ಸು. ಆಗ್ಲೇ. ಮುಂದಿನ ಡಬ್ಬಿ ಹತ್ತು ಗಜದಲ್ಲಿದ್ರೂ ಹೋಗ್ಬೇಡ. ಎಂಜಿನ್ ಆಫ್ ಮಾಡು."

"ಸ್ವಲ್ಪ ಆಯಿಲ್ ಕಡಿಮೆ ಆಗಿದ್ರೆ ಅಷ್ಟು ಅವಸರ ಯಾಕೆ?"

"ಕಡಿಮೆ ಆದಾಗ ಅದು ಉರಿಯಲ್ಲ ಕಣೇ, ಅದೇ ಎಲ್ಲರೂ ಮಾಡೋ ತಪ್ಪು. ಒಳಗೆ ಆಯಿಲ್ ತಳ್ಳೋ ಒತ್ತಡ ಹೋದ್ಮೇಲೆ ಉರಿಯತ್ತೆ. ಅಂದ್ರೆ ಕಬ್ಬಿಣ ಕಬ್ಬಿಣಕ್ಕೆ ಉಜ್ತಾ ಇದೆ ಅಂತ. ನೀರಿಲ್ದೆ ಕಾಫಿ ಕೆಟಲ್ ಒಲೆ ಮೇಲಿಟ್ಟ ಹಾಗೆ. ಕಡಿಮೆ ಆಗಿದ್ಯಾ ಅಂತ ತಿಳ್ಕೋಬೇಕಾದ್ರೆ ಅಳತೆ ಕಡ್ಡೀನೇ ನೋಡ್ಬೇಕು, ದಿನಾ ಬೆಳಿಗ್ಗೆ, ಊನೊ ನೋಡ್ತಿದ್ದ ಹಾಗೆ."

ಇಷ್ಟಾದರೂ ಬಲಗಡೆಯಿಂದ ದೀಪ ಕಾಣುವುದಿಲ್ಲವಲ್ಲ. ಹಳೆಯ ಲಾರಿಯೊಂದರ ಹಿಂಬದಿಯ ಕೆಂಪು ದೀಪ ಮೂಲೆಯಲ್ಲಿ ಬಿದ್ದಿತ್ತು, ಅಂಗೈಯಗಲದ್ದು. ಆಯಿಲಿನ ದೀಪದ ತಂತಿಯಿಂದ ಇನ್ನೊಂದು ತಂತಿ ಎಳೆದು, ಅದನ್ನು ಅವಳ ಮೊಣಕಾಲಿನ ಎದುರಿಗೆ, ಡ್ಯಾಶ್‌ಬೋರ್ಡಿನ ಬಲತುದಿಯಲ್ಲಿ ಬಿಗಿದೆ. ಕೀಲಿ ತಿರುಗಿಸಿದರೆ ಕಾರಿನ ಒಳಗೆಲ್ಲ ಕೆಂಪು.

"ಇದೇನೋ ಇದು, ಬೆಂಕಿ ಆರ್ಸೋ ಗಾಡಿನಾ?" ಅಂದಳು ಲೆಂಪಿ.

"ನಿಂಗೆ ಇಷ್ಟು ದೊಡ್ಡದೇ ಬೇಕು, ಸುಮ್ನಿರು."

ಅಂದಿನಿಂದ ಬೆಳಿಗ್ಗೆ ಏಳೂವರೆಗೆ ಮತ್ತೆ ಆ ಮಾತು ಕೇಳಿಸತೊಡಗಿತು. ಈಗ ಹೆಂಗಸಿನ ದನಿಯಲ್ಲಿ, ಖಾಲಿ ಸೀಟಿನ ಕಡೆ ತಿರುಗಿ. "ಎಲ್ಲಾ ಆರಿದ್ವು. ಹೊರಡೋಣ." ನಾನು ಗ್ಯಾರೇಜಿನ ಬಾಗಿಲಲ್ಲಿ ಸುಮ್ಮನೆ ಪಾನಾ ಒರೆಸುತ್ತಾ ನಿಲ್ಲುತ್ತಿದ್ದೆ.

ಇನ್ನು ಫೆಬ್ರವರಿಯ ಕಥೆ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬರೆಯದಿದ್ದರೆ ನಾನು ಮನುಷ್ಯನೇ ಅಲ್ಲ.

ಊನೊ ಇರುವಾಗ ಆಯಿಲನ್ನು ತಾನೇ ಬದಲಿಸುತ್ತಿದ್ದ. ಅಕ್ಟೋಬರಿನ ಆ ಅನಾಹುತದ ಮೇಲೆ ಆ ಕೆಲಸ ನನ್ನದಾಯಿತು. ಒಂದು ಶನಿವಾರ ಬದಲಿಸಿದೆ, ಫಿಲ್ಟರೂ ಹೊಸದು ಹಾಕಿದೆ. ಅದರ ಮುಂದಿನ ಮಂಗಳವಾರ ಬೆಳಿಗ್ಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿ. ಮಧ್ಯಾಹ್ನ ಹನ್ನೆರಡೂವರೆಗೆ ಐಲಿ ಕರ್ವೊನೆನ್ ಎಂಬ ಮುದುಕಿ ಫೋನು ಮಾಡಿದಳು.

"ರೇನೊ, ಲೆಂಪಿ ಕಾರು ನಮ್ಮ ಡಬ್ಬಿ ಮುಂದೆ ನಿಂತಿದೆ. ಕೆಂಪು ದೀಪ ಬಂತಂತೆ."

"ಲೆಂಪಿ ಎಲ್ಲಿ? ಒಳಗೆ ಕೂರ್ಸು ಅವಳನ್ನ, ಕಾಫಿ ಕೊಡು."

"ಅವಳೆಲ್ಲಿ ಕೂರ್ತಾಳೆ! ನನ್ನ ಒದೆಬಂಡಿ ತಗೊಂಡು ಹೋದ್ಳು. ಇನ್ನೂ ನಲವತ್ತೊಂದು ಡಬ್ಬಿ ಇದೆ ಅಂದ್ಳು."

ಒದೆಬಂಡಿ ಅಂದರೆ ನಮ್ಮ ಹಿರಿಯರು ತಾವು ಬಿಟ್ಟುಬಂದ, ಸಮುದ್ರದಾಚೆಯ ಹಳೆಯ ದೇಶದಿಂದ ತಂದ ವಾಹನ. ಎರಡು ಉದ್ದನೆಯ ಕಬ್ಬಿಣದ ಪಟ್ಟಿಗಳ ಮೇಲೆ ಒಂದು ಕುರ್ಚಿ. ಹಿಂದೆ ನಿಂತು ಒಂದು ಕಾಲಿನಲ್ಲಿ ನೆಲವನ್ನು ಒದೆಯುತ್ತಾ ಹಿಮದ ಮೇಲೆ ಜಾರಿಕೊಂಡು ಹೋಗುವುದು. ಅಜ್ಜಿಯರು ಹಾಲಿಗೆ, ಚರ್ಚಿಗೆ ಹೋಗಲು ಇಟ್ಟುಕೊಂಡಿರುತ್ತಿದ್ದರು. ಐದು ಮೈಲಿ ಟಪಾಲು ಹಂಚಲು ಯಾರೂ ಬಳಸಿದ್ದು ನಾನು ಕಂಡಿಲ್ಲ.

ನಾನು ಹೋಗಿ ನೋಡಿದಾಗ ಕಾರು ಡಬ್ಬಿಗೆ ಮೂರು ಗಜ ಹಿಂದೆಯೇ ನಿಂತಿತ್ತು. ಮೂರೇ ಗಜ! ಅಷ್ಟು ದೂರವೂ ಓಡಿಸಿರಲಿಲ್ಲ. ಹಿಮದ ಮೇಲೆ ಕಪ್ಪಗೆ ಆಯಿಲ್ ಹರಡಿತ್ತು. ಅಂಗಾತ ಮಲಗಿ ಕಾರಿನ ಕೆಳಗೆ ತೂರಿ ಫಿಲ್ಟರ್ ಬಿಚ್ಚಿದೆ. ಬಿಚ್ಚಿದವನು ಹಾಗೇ ಮಲಗಿಬಿಟ್ಟೆ.

ಫಿಲ್ಟರಿನ ಬಾಯಿಗೆ ಒಂದು ರಬ್ಬರ್ ಬಳೆ ಇರುತ್ತದೆ. ಹಳೆಯದನ್ನು ತೆಗೆಯುವಾಗ ಅದರ ಬಳೆ ಎಂಜಿನ್ನಿಗೆ ಅಂಟಿಕೊಂಡು ಉಳಿದುಬಿಡುವುದುಂಟು. ಬೆರಳಾಡಿಸಿ ನೋಡಬೇಕು. ನೋಡದೆ ಹೊಸದನ್ನು ಅದರ ಮೇಲೇ ತಿರುಗಿಸಿದರೆ ಎರಡು ಬಳೆ ಆಗುತ್ತದೆ. ಒಂದೆರಡು ದಿನ ಹಿಡಿದುಕೊಂಡಿರುತ್ತದೆ. ಚಳಿಗೆ ಆಯಿಲ್ ಗಟ್ಟಿಯಾಗಿ ಒತ್ತಡ ಏರಿದ ದಿನ ಕಿತ್ತುಕೊಳ್ಳುತ್ತದೆ. ಕಸುಬಿಗೆ ಬಂದ ಮೊದಲ ವಾರ ಕಲಿಯುವ ಪಾಠ ಇದು. ನನ್ನ ಕೈಯಲ್ಲಿ ಎರಡು ಬಳೆಗಳಿದ್ದವು.

ಊರಿನವರನ್ನೆಲ್ಲ ಪೆದ್ದರು ಅಂತ ಬೈದುಕೊಂಡು ತಿರುಗಿದ ಈ ರೇನೊ ಹಾಕಲಾ, ಲೆಂಪಿಗೆ ಉಳಿದಿದ್ದ ಒಂದೇ ಒಂದನ್ನು ತನ್ನ ಕೈಯಾರೆ ಕಿತ್ತುಹಾಕಲು ಹೊರಟಿದ್ದ. ಬಳೆಗಳನ್ನು ಜೇಬಿಗೆ ಹಾಕಿಕೊಂಡು ಲಾರಿ ಹತ್ತಿದೆ. ಹಿಮದ ಮೇಲೆ ಒದೆಬಂಡಿಯ ಎರಡು ಗೆರೆ ಹೋಗಿತ್ತು. ಪ್ರತಿ ಡಬ್ಬಿಯ ಬಳಿಗೂ ತಿರುಗಿ, ಮತ್ತೆ ರಸ್ತೆಗೆ ಬಂದು, ಮುಂದಕ್ಕೆ. ಒಂದು ಡಬ್ಬಿಯನ್ನೂ ಬಿಟ್ಟಿರಲಿಲ್ಲ.

ಮೂರನೇ ಮೈಲಿಯಲ್ಲಿ ಸಿಕ್ಕಿದಳು. ಕುರ್ಚಿಯ ಮೇಲೆ ಟಪಾಲಿನ ಚೀಲ ಕಟ್ಟಿತ್ತು. ಹುಬ್ಬೆಲ್ಲ ಬೆಳ್ಳಗಾಗಿತ್ತು, ಕೆನ್ನೆ ಬೀಟ್ರೂಟಿನ ಹಾಗೆ ಕೆಂಪಗಿತ್ತು.

"ಹತ್ತೇ ಲಾರಿ! ಸಾಯ್ತೀಯಾ?"

"ಹದಿನಾರು ಡಬ್ಬಿ ಇದೆ. ನಿನ್ನ ಲಾರಿ ಡಬ್ಬಿ ಪಕ್ಕ ನಿಲ್ಸಕ್ಕಾಗಲ್ಲ, ಮೂತಿ ದೊಡ್ಡದು. ನಾನು ಕೆಳಗಿಳಿದು ಹತ್ತಿ ಇಳಿದು ಹತ್ತಿ, ಸಂಜೆ ಆಗತ್ತೆ. ಹಿಂದೆ ಬಾ, ನಿನ್ನ ಹಳದಿ ಲೈಟು ಹಾಕ್ಕೊಂಡು. ಯಾರಾದ್ರೂ ನನ್ನ ಮೇಲೆ ಹತ್ತಿಸ್ದೇ ಇದ್ರೆ ಸಾಕು."

"ಲೆಂಪಿ, ಒಂದು ಮಾತು ಹೇಳ್ಬೇಕು..."

"ಆಮೇಲೆ ಹೇಳೋ! ಕೈ ಮರಗಟ್ತಾ ಇದೆ."

ಹೀಗೆ ಎರಡು ಮೈಲಿ, ಮುಂದೆ ಒದೆಬಂಡಿ, ಹಿಂದೆ ನಡಿಗೆಯ ವೇಗದಲ್ಲಿ ನನ್ನ ಲಾರಿ, ತಲೆಯ ಮೇಲೆ ಹಳದಿ ದೀಪ ತಿರುಗುತ್ತಾ. ಐಲಿ ಎಲ್ಲರಿಗೂ ಫೋನು ಮಾಡಿಬಿಟ್ಟಿದ್ದಳು. ಜನ ಕಿಟಕಿಗಳಲ್ಲಿ ನಿಂತಿದ್ದರು. ಕೆಲವರು ಡಬ್ಬಿಯ ಹತ್ತಿರವೇ ಬಂದು ನಿಂತು, ಟಪಾಲನ್ನು ಕೈಯಿಂದ ಇಸಿದುಕೊಂಡು, ಅವಳ ಕೈಯನ್ನು ಒಂದು ಕ್ಷಣ ತಮ್ಮ ಕೈಗಳೊಳಗೆ ಹಿಡಿದು ಬೆಚ್ಚಗೆ ಮಾಡಿ ಬಿಟ್ಟರು. ಅಂಥ ಕಾಲ ಅದು.

ಕೊನೆಯ ಡಬ್ಬಿ ಮುಗಿದ ಮೇಲೆ ಲಾರಿ ಹತ್ತಿದಳು. ಬಲಗಡೆಯ ಸೀಟು. ನಾನು ಎರಡು ಬಳೆಗಳನ್ನು ತೆಗೆದು ಅವಳ ಮುಂದೆ ಡ್ಯಾಶ್‌ಬೋರ್ಡಿನ ಮೇಲಿಟ್ಟೆ.

"ಇದೇನು?"

"ನನ್ನ ತಪ್ಪು. ಹಳೇ ಬಳೆ ತೆಗೀದೇ ಹೊಸದು ಹಾಕಿದೀನಿ. ಆಯಿಲ್ ಸೋರಿದ್ದು ಅದಕ್ಕೇ. ಕಾರಿನದೇನೂ ಇಲ್ಲ, ನಿಂದೇನೂ ಇಲ್ಲ. ನೀನು ಇನ್ನು ಅರ್ಧ ಮೈಲಿ ಓಡ್ಸಿದ್ರೆ ಎಂಜಿನ್ ಹೋಗ್ತಿತ್ತು, ರೂಟೂ ಹೋಗ್ತಿತ್ತು. ಬೈ. ಎಷ್ಟು ಬೇಕಾದ್ರೂ ಬೈ."

ಅವಳು ಬಳೆಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು!

"ಊನೊನೂ ಒಂದ್ಸಲ ಇದನ್ನೇ ಮಾಡಿದ್ದ. ಅರವತ್ತೆರಡರಲ್ಲಿ. ಮನೆ ಮುಂದೇನೇ ಎಲ್ಲಾ ಆಯಿಲ್ ಚೆಲ್ಲಿ ಹೋಯ್ತು. ರೇನೊಗೆ ಮಾತ್ರ ಹೇಳ್ಬೇಡ, ಒಂದು ತಿಂಗಳು ಬಾಯಿ ಮುಚ್ಚಲ್ಲ ಅವನು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ."

ನಾನು ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಕಣ್ಣು ಕಾಣುತ್ತಿರಲಿಲ್ಲ.

ಪೋಸ್ಟಾಫೀಸಿನಲ್ಲಿ ಪ್ಯಾಸ್ಕೊ ಗಡಿಯಾರದ ಕೆಳಗೇ ನಿಂತಿದ್ದರು. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಲೆಂಪಿ ಖಾಲಿ ಚೀಲವನ್ನು ಮೇಜಿನ ಮೇಲಿಟ್ಟಳು.

"ಕಾರು ಕೆಟ್ಟಿತಂತೆ?" ಅಂದರು ಪ್ಯಾಸ್ಕೊ.

"ಕಾರು ಚೆನ್ನಾಗಿದೆ, ಕೆಟ್ಟಿದ್ದು ನಾನು," ಅಂದೆ. "ಬರೆಯೋದಿದ್ರೆ ನನ್ನ ಹೆಸರು ಬರೀರಿ. ಹಾಕಲಾ, ಎರಡು ಕಡೆನೂ ದೀರ್ಘ ಎಳೀರಿ."

ಅವರು ಚೀಲದೊಳಗೆ ಇಣುಕಿದರು. ತಲೆಕೆಳಗೆ ಮಾಡಿ ಕೊಡವಿದರು. ಒಂದು ಪೋಸ್ಟ್‌ಕಾರ್ಡೂ ಬೀಳಲಿಲ್ಲ. ಬಹಳ ಹೊತ್ತು ಗಲ್ಲ ತುರಿಸಿಕೊಂಡರು.

"ಟಪಾಲು ಎಲ್ಲಾ ಡಬ್ಬಿಗೂ ಹೋಗಿದೆ," ಅಂದರು ಕೊನೆಗೆ. "ಯಾವ ವಾಹನದಲ್ಲಿ ಹೋಗ್ಬೇಕು ಅಂತ ಗುತ್ತಿಗೇಲಿ ಎಲ್ಲೂ ಬರೆದಿಲ್ಲ, ನಾನು ಮೂರು ಸಲ ಓದಿದೀನಿ. ನಾಳೆ ಏಳೂವರೆಗೆ ಬನ್ನಿ, ಲೆಂಪಿಯವರೇ."

ಮಾರ್ಚಿನಲ್ಲಿ ಗುತ್ತಿಗೆ ಮುಂದುವರಿಯಿತು. ಅದಾದ ಮೇಲೆ ಹತ್ತೊಂಬತ್ತು ವರ್ಷ ಲೆಂಪಿ ಆ ರೂಟು ಓಡಿಸಿದಳು. ಮೂರು ಕಾರು ಸವೆಸಿದಳು. ಪ್ರತಿ ಕಾರಿಗೂ ಆ ಲಾರಿಯ ಕೆಂಪು ದೀಪವನ್ನು ನಾನೇ ಕಿತ್ತು ನಾನೇ ಕೂರಿಸಿದೆ. ಅದು ಮತ್ತೆ ಓಡುವಾಗ ಒಂದು ಸಲವೂ ಉರಿಯಲಿಲ್ಲ, ಅಳತೆ ಕಡ್ಡಿಯನ್ನು ಅವಳು ದಿನವೂ ನೋಡುತ್ತಿದ್ದಳು. ಆ ಎರಡು ಬಳೆಗಳನ್ನು ಕನ್ನಡಿಗೆ ನೇತುಹಾಕಿಕೊಂಡಿದ್ದಳು. ನಾನು ಯಾರನ್ನಾದರೂ ಬೈಯಲು ಶುರು ಮಾಡಿದರೆ ಕಾರಿನೊಳಗಿಂದಲೇ ಅವುಗಳನ್ನು ಅಲ್ಲಾಡಿಸಿ ತೋರಿಸುತ್ತಿದ್ದಳು. ಎಂಥ ಹೆಂಗಸು!

೧೯೯೫ರ ಮಾರ್ಚ್, ಅವಳ ಕೊನೆಯ ದಿನ. ಏಳೂವರೆಗೆ ಕಾರು ಎಂದಿನಂತೆ ಗ್ಯಾರೇಜಿನ ಎದುರಿಗೆ ನಿಂತಿತ್ತು. ಅವಳು ಹಾರ್ನ್ ಹೊಡೆದಳು. ಹೋದೆ.

"ಏನೇ, ಏನಾಯ್ತು?"

"ಏನೂ ಆಗಿಲ್ಲ. ಗ್ಯಾರೇಜ್ ಮುಚ್ಚು, ಬಾ ಒಳಗೆ. ನನಗೆ ಇವತ್ತು ಒಂದು ದಿನ ಎರಡೂ ಕೈಯಲ್ಲಿ ಟಪಾಲು ಹಾಕ್ಬೇಕು. ಜನಕ್ಕೆಲ್ಲ ಕೈ ಬೀಸ್ಬೇಕು. ನೀನು ದೀಪ ನೋಡು, ನಾನು ಡಬ್ಬಿ ನೋಡ್ತೀನಿ."

ಅವಳು ಎಡಗಡೆಯ ಸೀಟಿನ ಮೇಲಿದ್ದ ತಟ್ಟೆಗಳನ್ನು ನಡುವಿಗೆ ಎಳೆದುಕೊಂಡು ಜಾಗ ಮಾಡಿದಳು. ಇಪ್ಪತ್ತು ವರ್ಷ ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ. ನಾನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಟೋಪಿ ತೆಗೆದು, ಕೂತೆ. ಅವಳು ಬಗ್ಗಿ ಕಾಗದ ಜೋಡಿಸತೊಡಗಿದಳು, ತಲೆ ಎತ್ತಲಿಲ್ಲ. ನಾನು ಕೀಲಿಯನ್ನು ಅರ್ಧ ತಿರುಗಿಸಿದೆ. ನನ್ನ ಮುಂದೆ ಸಣ್ಣ ದೀಪಗಳೆಲ್ಲ ಹತ್ತಿಕೊಂಡವು, ಅವಳ ಮುಂದೆ ಆ ದೊಡ್ಡ ಕೆಂಪು ದೀಪ. ಒಂದು ಕ್ಷಣ ಬಿಟ್ಟು ಎಂಜಿನ್ ಚಾಲೂ ಮಾಡಿದೆ. ಒಂದೊಂದಾಗಿ ಆರಿದವು.

ಬಾಯಿ ಜೋರಿನ ರೇನೊಗೆ ಒಂದು ಮಾತೂ ಹೊರಡಲಿಲ್ಲ.

ಲೆಂಪಿ ಕಾದಳು. ಕೈಯಲ್ಲಿದ್ದ ಕಾಗದ ಅಲ್ಲೇ ನಿಂತಿತ್ತು.

"ಹೇಳೋ," ಅಂದಳು, ಮೆಲ್ಲಗೆ.

"ಎಲ್ಲಾ ಆರಿದ್ವು," ಅಂದೆ. "ಹೊರಡೋಣ."